ಲೌಂಜಿನಲ್ಲಿ ತಟ್ಟೆ ತೊಳೆದು ಕುಡಿದವರು

"ಅಮ್ಮಾ, ಆ ತಟ್ಟೆ ಎಲ್ಲಿಗೆ ಒಯ್ತೀರಿ?"

ಗುಡ್ಡಮ್ಮ ನಿಂತಲ್ಲೇ ನಿಂತಳು. ಬಲಗೈಯಲ್ಲಿ ಎಂಜಲು ತಟ್ಟೆ, ಎಡಗೈಯಲ್ಲಿ ಖಾಲಿ ಲೋಟ. ನಲ್ಲಿ ಎಲ್ಲಿರಬಹುದು ಎಂದು ಹುಡುಕುತ್ತಾ ಆಕೆ ಆಗಲೇ ವಿಮಾನ ನಿಲ್ದಾಣದ ಆ ಲೌಂಜನ್ನು ಅರ್ಧ ದಾಟಿ ಬಂದಿದ್ದಳು.

"ತೊಳೆದಿಡೋಣ ಅಂತ..."

ನೀಲಿ ಅಂಗಿಯ ಹೆಂಗಸು ನಗುತ್ತಾ ತಟ್ಟೆ ಕಿತ್ತುಕೊಂಡಳು. "ಉಂಡು ಎದ್ದು ಹೋಗೋದಷ್ಟೇ ನಿಮ್ಮ ಕೆಲಸ. ಎತ್ತಾಕೆ ನಾವಿಲ್ವಾ? ಅಲ್ನೋಡ್ರಿ, ಗಂಡಸ್ರು ಕಾಲ ಮೇಲೆ ಕಾಲು ಹಾಕ್ಕಂಡು ಹೆಂಗೆ ಕೂತಾರೆ. ಹೆಂಗಸ್ರು ಮಾತ್ರ ಎಷ್ಟು ದೊಡ್ಡ ಟಿಕೆಟ್ ತಗಂಡು ಬಂದ್ರೂ ತಟ್ಟೆ ಹಿಡ್ಕಂಡು ನಲ್ಲಿ ಹುಡುಕ್ತಾರೆ."

ಗುಡ್ಡಮ್ಮನಿಗೆ ನಾಚಿಕೆಯಾಯಿತು. ಜೊತೆಗೇ ನಗುವೂ ಬಂತು. ಐವತ್ತನಾಲ್ಕು ವರ್ಷದ ತನ್ನ ಕೈ ತನ್ನನ್ನು ಕೇಳದೆಯೇ ತಟ್ಟೆ ಎತ್ತಿಕೊಂಡು ಹೊರಟಿತ್ತು.

ಆಕೆ ಇಲ್ಲಿಗೆ ಬಂದದ್ದು ಪ್ರಯಾಣಕ್ಕಲ್ಲ. ಸೊರಬದ ಶುಂಠಿ ವ್ಯಾಪಾರಿ ಸಿದ್ಧಲಿಂಗೇಶನ ಹೆಂಡತಿ ಸೌಂದರ್ಯ ಹೈದರಾಬಾದಿನ ಮದುವೆಗೆಂದು ಹೊರಟು, ಹಂಸಯಾನ ಏರ್‌ಲೈನ್ಸಿನ ಇದೇ ಲೌಂಜಿಗೆ ಬಂದವಳು ವಿಮಾನ ಹತ್ತಲಿಲ್ಲ, ಮನೆಗೂ ಮರಳಲಿಲ್ಲ. ಯಾರ ಜೊತೆಗೋ ಓಡಿಹೋಗಿದ್ದಾಳೆ ಎಂದು ಪೊಲೀಸರು ಕೇಸು ಮುಗಿಸುವುದರಲ್ಲಿದ್ದರು. ಮುಗಿಸಿದರೆ ಆಮೇಲೆ ಅವಳನ್ನು ಹುಡುಕುವವರು ಯಾರೂ ಇರುವುದಿಲ್ಲ. ಸತ್ತಿದ್ದರೂ ಹುಡುಕುವವರಿರುವುದಿಲ್ಲ.

ಶಿಕಾರಿಪುರದಲ್ಲಿ ಗುಡ್ಡಮ್ಮ ಎಂದರೆ ಸಂಬಂಧ ವಿಚಾರಿಸುವವಳು. ಹೆಣ್ಣು ಕೊಡುವ ಮೊದಲು, ತರುವ ಮೊದಲು, ಆ ಮನೆ ಎಂಥದ್ದು ಎಂದು ತಿಳಿದು ಬಂದು ಹೇಳುವುದು ಅವಳ ಕಸುಬು. ಈಚೆಗೆ ಜನ ಬೇರೆ ಹುಡುಕಾಟಗಳಿಗೂ ಕರೆಯತೊಡಗಿದ್ದರು. ಈ ಸಲ ಕರೆದವರು ಸೌಂದರ್ಯಳ ಅತ್ತೆ ನೀಲಾಂಬಿಕಮ್ಮ.

"ಅವಳು ಕೂತ ಜಾಗದಲ್ಲಿ ನಾನೂ ಒಂದು ಹೊತ್ತು ಕೂರಬೇಕು, ಅಂಥದ್ದೇ ಟಿಕೆಟ್ ತೆಗೆಸಿ ಕೊಡಿ," ಎಂದು ಗುಡ್ಡಮ್ಮ ಕೇಳಿದ್ದಳು. ನೀಲಾಂಬಿಕಮ್ಮ, "ಆತು, ಹೋಗಿ ಬರ್ರಿ," ಎಂದಿದ್ದರು.

ಹಾಗಾಗಿ ಗುಡ್ಡಮ್ಮ ಇಂದು ಬಿಸಿನೆಸ್ ಕ್ಲಾಸಿನ ಪ್ರಯಾಣಿಕಳು.

ಲೌಂಜಿನಲ್ಲಿ ಮೊದಲು ಅವಳಿಗೆ ತೋಚಿದ್ದು ಸದ್ದಿಲ್ಲದಿರುವುದು. ಬಾಗಿಲಿನಾಚೆ ಸಂತೆಯಂತೆ ಜನ. ಈಚೆ ಚಮಚ ತಟ್ಟೆಗೆ ತಾಗಿದರೂ ಕೇಳುತ್ತಿತ್ತು. ಕುರ್ಚಿಗಳನ್ನು ಒಂದರ ಮುಖ ಇನ್ನೊಂದಕ್ಕೆ ಕಾಣದಂತೆ ಇಟ್ಟಿದ್ದರು. ದೋಸೆ ಹುಯ್ಯುವವನೊಬ್ಬ, ಹಣ್ಣು ಹೆಚ್ಚುವವಳೊಬ್ಬಳು. ಮಲಗಲು ಬೇಕಿದ್ದರೆ ಉದ್ದನೆಯ ಸೋಫಾ, ಮೈ ತೊಳೆದುಕೊಳ್ಳಬೇಕಿದ್ದರೆ ಬಿಸಿನೀರಿನ ಕೋಣೆ. ಯಾವುದಕ್ಕೂ ಕೇಳಬೇಕಿಲ್ಲ. ಕೇಳಬೇಕಿಲ್ಲ ಎಂಬುದೇ ಅವಳಿಗೆ ಕಷ್ಟವಾಗಿತ್ತು. ಯಾರೋ ಬಂದು ಏಳಿ ಎನ್ನುತ್ತಾರೆಂದು ಮೊದಲು ಕುರ್ಚಿಯ ತುದಿಯಲ್ಲೇ ಕೂತಿದ್ದಳು. ಮದುವೆ ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೇ ಪಂಕ್ತಿಯಲ್ಲಿ ಕೂತು ಅಭ್ಯಾಸ. ಇಲ್ಲಿ ಕೊನೇ ಪಂಕ್ತಿಯೇ ಇರಲಿಲ್ಲ.

ನೀಲಿ ಅಂಗಿಯವಳ ಎದೆಯ ಮೇಲೆ 'ದುರ್ಗಾ' ಎಂದಿತ್ತು.

"ಯಾವೂರಮ್ಮ ನಿಮ್ಮದು?"

"ಹೊನ್ನಾಳಿ ಕಡೆ ರೀ. ನನ್ನ ಹೆಸರು ದುರುಗಮ್ಮ. ಇಲ್ಲಿ ದುರ್ಗಾ ಮಾಡಿದಾರೆ, ಹೊರಗಿನೋರ ಬಾಯಿಗೆ ಸಲೀಸಾಗಲಿ ಅಂತ. ನೀವು?"

"ಶಿಕಾರಿಪುರ. ನನ್ನ ಹೆಸರು ಗುಡ್ಡಮ್ಮ. ನಾನೇನಾದ್ರೂ ಇಲ್ಲಿ ಕೆಲಸಕ್ಕೆ ಸೇರಿದ್ರೆ ಏನು ಮಾಡ್ತಾರೋ!"

ದುರುಗಮ್ಮ ಬಾಯಿಗೆ ಸೆರಗಿಲ್ಲದೆ ಅಂಗೈ ಅಡ್ಡ ಹಿಡಿದು ನಕ್ಕಳು. ಗುಡ್ಡಮ್ಮ ಪರ್ಸಿನಿಂದ ಸೌಂದರ್ಯಳ ಫೋಟೋ ತೆಗೆದಳು.

"ಈಯಮ್ಮನ್ನ ನೋಡಿದ ನೆನಪೈತಾ?"

"ಓ, ಇವ್ರಾ! ಎಷ್ಟು ಸಲ ಬಂದಾರೆ."

ಎಷ್ಟು ಸಲ. ಗುಡ್ಡಮ್ಮ ಮುಖದಲ್ಲಿ ಏನೂ ತೋರಿಸಲಿಲ್ಲ. ಸಿದ್ಧಲಿಂಗೇಶ ಹೇಳಿದ್ದ ಪ್ರಕಾರ ಸೌಂದರ್ಯ ಇಲ್ಲಿಗೆ ಬಂದದ್ದು ಎರಡೇ ಸಲ. ಒಮ್ಮೆ ಗಂಡ, ಅತ್ತೆಯ ಜೊತೆ ಕಾಶಿಗೆ ಹೋಗುವಾಗ. ಇನ್ನೊಮ್ಮೆ, ಕಾಣೆಯಾದ ದಿನ.

"ಪೊಲೀಸ್ನೋರು ನಿಮ್ಮನ್ನ ಕೇಳಲಿಲ್ವಾ?"

"ಬಾಗಿಲ ಹತ್ರ ಕೂರೋ ಹುಡುಗೀರನ್ನ ಕೇಳಿ ಹೋದ್ರು. ಆ ಹುಡುಗೀರು ವಾರಕ್ಕೊಬ್ರು ಬದಲಾಗ್ತಾರೆ. ಯಾಕ್ರೀ, ಏನಾಗೈತೆ ಅವರಿಗೆ?"

"ಗೊತ್ತಿಲ್ಲ. ಅದಕ್ಕೇ ಬಂದಿದೀನಿ. ಒಬ್ಬಳೇ ಬರ್ತಿದ್ಲಾ?"

"ಇಲ್ಲಪ್ಪ. ತಾಯಿ ಜೊತೆ."

ಸೌಂದರ್ಯಳ ತಾಯಿ ತೀರಿಕೊಂಡಾಗ ಅವಳಿನ್ನೂ ಶಾಲೆಗೆ ಸೇರಿರಲಿಲ್ಲ. ಇದು ಶಿಕಾರಿಪುರದ ಅವಳ ತವರಿನ ಬೀದಿಗೆಲ್ಲಾ ಗೊತ್ತಿದ್ದ ಮಾತು.

"ತಾಯಿ ಅಂತ ಹೆಂಗೆ ಗೊತ್ತಾತು?"

"ಕೈ ಕೈ ಹಿಡ್ಕಂಡು ಕೂರ್ತಿದ್ರು ರೀ. ಗುಸುಗುಸು ಮಾತಾಡೋದು, ನಗೋದು. ತಾಯಿ ಅಲ್ದೆ ಇನ್ಯಾರ ಜೊತೆ ಹಂಗೆ ನಗ್ತೀವಿ?" ದುರುಗಮ್ಮ ತಟ್ಟೆಯನ್ನು ಟ್ರಾಲಿಗೆ ಸೇರಿಸಿದಳು. "ಆ ಹಿರೇರನ್ನ ನಾನು ಸಾಯೋ ತನಕ ಮರೆಯಾಕಿಲ್ಲ. ನೀವಾದ್ರೂ ತಟ್ಟೆ ಹಿಡ್ಕಂಡು ಹೊರಟ್ರಿ. ಅವರು ಉಂಡಾದ ಮೇಲೆ ಲೋಟದಾಗಿನ ನೀರು ತಟ್ಟೆಗೆ ಹುಯ್ಕಂಡು, ಬೆರಳಾಗೆ ಸುತ್ತ ತೊಳೆದು, ಆ ನೀರು ಗಟಗಟ ಕುಡಿದುಬಿಟ್ರು! ಪಕ್ಕದಾಗಿದ್ದ ಸೂಟಿನ ಸಾಹೇಬ್ರು ಕುರ್ಚಿ ಬದಲಾಯಿಸಿದ್ರು. ನಾನು ತಟ್ಟೆ ಎತ್ತಾಕೆ ಹೋದ್ರೆ ತೊಳೆದಿಟ್ಟಂಗೆ ಇತ್ತು. ಒಂದು ಅಗುಳಿರಲಿಲ್ಲ."

ಗುಡ್ಡಮ್ಮ ಕೈಯಲ್ಲಿದ್ದ ಫೋಟೋವನ್ನು ನಿಧಾನಕ್ಕೆ ಪರ್ಸಿಗೆ ಸೇರಿಸಿದಳು.

ಈ ಕೆಲಸ ಒಪ್ಪಿಕೊಂಡ ದಿನ ಸೊರಬದ ಆ ಮನೆಯಲ್ಲಿ ಅವಳು ಉಂಡಿದ್ದಳು. ಎದುರಿಗೆ ನೀಲಾಂಬಿಕಮ್ಮ. ಹಣೆತುಂಬ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ. ಲಿಂಗಪೂಜೆಯಾಗದೆ ಹನಿ ನೀರು ಮುಟ್ಟದ ಹೆಂಗಸು. ಊಟ ಮುಗಿದದ್ದೇ ತಟ್ಟೆಗೆ ನೀರು ಹಾಕಿ, ತೊಳೆದು, ಕುಡಿದಿದ್ದರು. ಉಂಡದ್ದು ಪ್ರಸಾದ, ಅದರ ಒಂದು ಕಣವೂ ಮೋರಿಗೆ ಹೋಗಬಾರದು ಎಂಬ ನೇಮ. ಆ ಮನೆಯಲ್ಲಿ ಮಗ ಅದನ್ನು ಬಿಟ್ಟಿದ್ದ. ಸೊಸೆಗೂ ಅಭ್ಯಾಸವಿರಲಿಲ್ಲವಂತೆ. ಉಳಿದವರು ಅವರೊಬ್ಬರೇ.

ಅಂಥ ನೇಮದವರು ಲಿಂಗವಂತರಲ್ಲಿ ಇನ್ನೂ ಎಷ್ಟೋ ಜನ ಇದ್ದಾರು. ಆದರೆ ಸೌಂದರ್ಯಳ ಕೈ ಹಿಡಿದುಕೊಂಡು ಕೂರುವವರು?

'ನಾನು ಆ ಏರ್ಪೋರ್ಟು ಕಂಡಿದ್ದು ಒಂದೇ ಸಲ, ಕಾಶಿಗೆ ಹೋಗುವಾಗ,' ಎಂದು ಅದೇ ಊಟದ ಹೊತ್ತಿನಲ್ಲಿ ನೀಲಾಂಬಿಕಮ್ಮ ಹೇಳಿದ್ದರು. ತಾವಾಗಿಯೇ. ಯಾರೂ ಕೇಳಿರಲಿಲ್ಲ.

"ಕೊನೇ ಸಲ ಬಂದಾಗಲೂ ಇಬ್ಬರೂ ಇದ್ರಾ?"

"ಇದ್ರು. ಬರುವಾಗ ಬೇರೆ ಬೇರೆ ಬಂದ್ರು. ಆಮೇಲೆ ಆ ಮೂಲೇಲಿ ಕೂಡಿಕಂಡ್ರು. ಅವತ್ತು ನಗು ಇರಲಿಲ್ಲ. ಅಳ್ತಿದ್ರು."

"ಯಾರು, ಸಣ್ಣಾಕೆನಾ?"

"ಇಲ್ರೀ. ಹಿರೇರು ಅಳ್ತಿದ್ರು. ಸಣ್ಣೋರು ಬೆನ್ನು ಸವರ್ತಾ ಕೂತಿದ್ರು. ಆಮೇಲೆ ಇಬ್ರೂ ಸ್ನಾನದ ಕೋಣೆ ಕಡೆ ಹೋದ್ರು. ಅಷ್ಟೊತ್ತಿಗೆ ನನ್ನ ಪಾಳಿ ಮುಗೀತು."

ದೂರದಿಂದ ಯಾರೋ ದುರ್ಗಾ ಎಂದು ಕರೆದರು. ದುರುಗಮ್ಮ ಟ್ರಾಲಿ ತಳ್ಳಿಕೊಂಡು ಹೋದಳು.

ಹೈದರಾಬಾದಿನ ವಿಮಾನ ಹತ್ತಿ ಎಂದು ಗುಡ್ಡಮ್ಮನನ್ನು ಕರೆಯಲು ಸಮವಸ್ತ್ರದ ಹುಡುಗಿಯೊಬ್ಬಳು ಬಂದಳು. ಪ್ರೀಮಿಯಂ ಪ್ರಯಾಣಿಕರನ್ನು ಹೀಗೆ ಬಂದು ಕರೆಯುತ್ತಾರಂತೆ.

"ನಾನು ಹೋಗಲ್ಲಮ್ಮ. ತಲೆ ಸುತ್ತು. ಹೊರಗೆ ಬಿಟ್ಟುಬಿಡು," ಎಂದಳು ಗುಡ್ಡಮ್ಮ. ಸೆರಗನ್ನು ತಲೆಯ ಮೇಲೆ ಹೊದ್ದು ಮಾಸ್ಕ್ ಹಾಕಿಕೊಂಡಳು.

ಹುಡುಗಿ ಪಾಪ ಎಂದಳು, ನೀರು ಬೇಕಾ ಎಂದಳು. ಬೋರ್ಡಿಂಗ್ ಪಾಸು ಇಸಿದುಕೊಂಡು ಹೆಸರು ಓದಿದಳು, ಅದರ ಮೇಲೆ ಏನೋ ಗೀಚಿದಳು, ವಾಕಿಟಾಕಿಯಲ್ಲಿ ಹೆಸರು ಹೇಳಿದಳು. ಹೊರಬಾಗಿಲ ತನಕ ಮುಂದೆ ಮುಂದೆ ನಡೆದಳು. ಅಲ್ಲಿ ಏರ್‌ಲೈನ್ಸಿನ ಇನ್ನೊಬ್ಬರ ಕೈಗೆ ಪಾಸು ಹೋಯಿತು, ಅಲ್ಲೂ ಹೆಸರನ್ನೇ ಓದಿದರು. ಇಷ್ಟೂ ಹೊತ್ತು ಹಂಸಯಾನದವರು ಯಾರೂ ಗುಡ್ಡಮ್ಮನ ಮುಖ ನೋಡಲಿಲ್ಲ.

ಬಿಸಿಲಿಗೆ ಬಂದು ಗುಡ್ಡಮ್ಮ ಮಾಸ್ಕ್ ಕೆಳಗೆಳೆದಳು. ಅಂದು ಸೌಂದರ್ಯ ವಿಮಾನ ಹತ್ತದೆ ಸೆರಗು ಹೊದ್ದು ಹೊರಗೆ ನಡೆದಳು ಎಂದು ಪೊಲೀಸರು ಹೇಳುತ್ತಿದ್ದರು. ಕ್ಯಾಮೆರಾದಲ್ಲಿ ಕಂಡದ್ದು ಬರೀ ಬೆನ್ನು ಮತ್ತು ಸೀರೆ. ಹೊರಗೆ ನಡೆದದ್ದು ಸೌಂದರ್ಯಳ ಪಾಸು, ಅಷ್ಟೆ. ಅದನ್ನು ಹಿಡಿದ ಕೈ ಯಾರದೋ!

* * *

ಮರುದಿನ ಶಿಕಾರಿಪುರದಲ್ಲಿ ಬಸ್ಸಿಳಿದವಳು ತನ್ನ ಮನೆಗೂ ಹೋಗದೆ ನೀಲಾಂಬಿಕಮ್ಮನ ತಂಗಿಯ ಮನೆಯ ಬಾಗಿಲಿಗೆ ಹೋದಳು. ಸೊಸೆ ಕಾಣೆಯಾದ ದಿನ ತಾನು ತಂಗಿಯ ಮನೆಯಲ್ಲಿದ್ದೆ ಎಂದು ನೀಲಾಂಬಿಕಮ್ಮ ಎಲ್ಲರಿಗೂ ಹೇಳಿದ್ದರು.

ಸಂಬಂಧ ವಿಚಾರಿಸುವವರು ನೇರ ಕೇಳುವುದಿಲ್ಲ. ನೇರ ಕೇಳಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ.

"ನಿಮ್ಮಕ್ಕ ನಿಮ್ಮ ಮನೆ ಎಣಗಾಯಿ ರುಚಿ ಹೇಳಿದ್ದೇ ಹೇಳಿದ್ದು ಕಣ್ರೀ. ಈಗ ಬಂದಾಗ ಮಾಡಿದ್ರಂತಲ್ಲ?"

"ಈಗೆಲ್ಲಿ ಬಂದಾಳೆ?" ತಂಗಿ ಮೊರದಿಂದ ತಲೆ ಎತ್ತದೆ ಹೇಳಿದಳು. "ಅಕ್ಕ ಈ ಮನೆ ಹೊಸ್ತಿಲು ತುಳಿದು ಯಾವ ಕಾಲ ಆತು! ಬಾ ಬಾ ಅಂತ ಕರೆದು ಕರೆದು ನನ್ನ ಬಾಯಿ ಒಣಗೈತೆ. ಎಣಗಾಯಿ ನೆನಸ್ಕಂತಾಳಾ? ನೆನಸ್ಕಳಾಕೆ ಬರುತ್ತೆ, ಬರಾಕೆ ಬರಲ್ಲ ಅನ್ರಿ ಅವಳಿಗೆ."

"ಅಂತೀನಿ," ಎಂದಳು ಗುಡ್ಡಮ್ಮ.

ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಬಳ್ಳಿಗಾವಿಯ ಕಡೆಯ ತಿರುವಿನಲ್ಲಿ ಇಬ್ಬರು ಮುದುಕಿಯರು ಹತ್ತಿ, ಸೊಸೆಯರನ್ನು ಬೈಯುತ್ತಾ ಕೂತರು. ಗುಡ್ಡಮ್ಮ ಕಿವಿಗೊಟ್ಟಳು. ಅತ್ತೆ ಸೊಸೆಯನ್ನು ಬೈದ ಮನೆಗಳನ್ನು ಅವಳು ಬೇಕಾದಷ್ಟು ನೋಡಿದ್ದಳು. ಕೈ ಹಿಡಿದುಕೊಂಡು, ಊರಿಗೆ ಗೊತ್ತಾಗದಂತೆ, ಇಷ್ಟು ದೂರ ಹೋಗಿ, ವಿಮಾನ ಹತ್ತದೆ ಬರೀ ಕೂತು ಬರುವ ಅತ್ತೆ ಸೊಸೆಯರನ್ನು ಎಲ್ಲೂ ಕಂಡಿರಲಿಲ್ಲ. ಅಂಥವರು ಯಾವಾಗಲೂ ಇದ್ದರೋ, ತಾನೇ ವಿಚಾರಿಸಿರಲಿಲ್ಲವೋ? ಎರಡು ಮನೆ ಕೂಡಿಸುವಾಗ ಗಂಡಿನ ಕುಡಿತ, ಹೆಣ್ಣಿನ ಕಾಯಿಲೆ, ಹೊಲ ಗದ್ದೆ ಎಲ್ಲಾ ಕೇಳಿ ಬರುತ್ತಿದ್ದಳು. ಆ ಮನೆಯ ಹೆಂಗಸರು ಯಾರ ಹತ್ತಿರ ನಗುತ್ತಾರೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಅತ್ತಿದ್ದು ಹಿರಿಯರು. ಏನು ಮಾಡಲು ಹೊರಟು ಅತ್ತರು? ಕೆಟ್ಟದ್ದು ಮಾಡುವ ಮೊದಲೂ ಜನ ಅಳುತ್ತಾರೆ.

* * *

ಸೊರಬದ ಮನೆಯ ಮುಂದಿನ ಅಂಗಳದಲ್ಲಿ ಶುಂಠಿ ತೊಳೆಯುತ್ತಿದ್ದರು. ಮಣ್ಣುನೀರು ಗೇಟಿನ ತನಕ ಹರಿದಿತ್ತು. ಆ ಖಾರದ ವಾಸನೆ ಅಡುಗೆಮನೆಯ ಒಳಗೂ ಇತ್ತು. ನೀಲಾಂಬಿಕಮ್ಮ ಮಣೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಮನೆಯಲ್ಲಿ ಬೇರೆ ಯಾರೂ ಇದ್ದಂತಿರಲಿಲ್ಲ.

"ಬರ್ರಿ ಗುಡ್ಡಮ್ಮ. ಕೂತ್ಕಳ್ರಿ. ಹೈದರಾಬಾದು ಹೆಂಗಿತ್ತು?"

"ಹೋಗಲಿಲ್ಲ ಅಮ್ಮಾರೆ."

ಅವರೆಕಾಯಿ ಬಿಡಿಸುವ ಕೈ ನಿಲ್ಲಲಿಲ್ಲ.

"ಲೌಂಜಿನಲ್ಲಿ ಉಂಡೆ. ತಟ್ಟೆ ತೊಳೆಯಾಕೆ ಹೋದೆ, ಅಲ್ಲಿಯವಳು ಬಿಡಲಿಲ್ಲ. ನನಗಿಂತ ಮೊದಲು ಅಲ್ಲಿ ತಟ್ಟೆ ತೊಳೆದವರು ಇದಾರಂತೆ. ತೊಳೆದು, ಆ ನೀರೂ ಕುಡಿದ್ರಂತೆ."

ಕೈ ನಿಂತಿತು. ಕಾಳುಗಳು ಬೆರಳ ಸಂದಿಯಿಂದ ಒಂದೊಂದಾಗಿ ಪಾತ್ರೆಗೆ ಬಿದ್ದವು.

"ಸಾಹೇಬನೊಬ್ಬ ಕುರ್ಚಿ ಬಿಟ್ಟು ಎದ್ದು ಹೋದ," ಎಂದರು ನೀಲಾಂಬಿಕಮ್ಮ. ಅವರ ತುಟಿಯ ಕೊನೆಯಲ್ಲಿ ಒಂದು ನಗು ಬಂದು ಮಾಯವಾಯಿತು. "ಸೌಂದರ್ಯ ಬಿದ್ದು ಬಿದ್ದು ನಕ್ಳು."

"ಸೌಂದರ್ಯ ಎಲ್ಲಿ ಅಮ್ಮಾರೆ? ಏನು ಮಾಡಿದ್ರಿ ಅವಳನ್ನ?"

"ಏನು ಮಾಡಿದೆ!" ಮುಖ ಕೆಂಪಾಯಿತು. "ಕೊಂದು ಹಾಕಿದೀನಿ ಅಂತ ತಿಳ್ಕಂಡ್ರಾ?"

"ನೀವು ಹೇಳದೆ ಇದ್ರೆ ನಾನು ಏನು ಬೇಕಾದ್ರೂ ತಿಳ್ಕಬೇಕಾಗುತ್ತೆ. ತಂಗಿ ಮನೇಲಿದ್ದೆ ಅಂದ್ರಿ. ಇರಲಿಲ್ಲ. ಒಂದೇ ಸಲ ಹೋಗಿದ್ದೆ ಅಂದ್ರಿ. ಅದೂ ಸುಳ್ಳು. ಅವಳ ಪಾಸು ಹಿಡ್ಕಂಡು, ಅವಳ ಸೀರೆ ಉಟ್ಕಂಡು ಹೊರಗೆ ಬಂದೋರು ನೀವು. ಹೌದಾ ಅಲ್ವಾ?"

ನೀಲಾಂಬಿಕಮ್ಮ ಎದ್ದು ಹೋಗಿ ನಡುಮನೆಯ ಕಡೆಯ ಬಾಗಿಲು ಮುಂದಕ್ಕೆ ಮಾಡಿ ಬಂದರು.

"ಹೌದು. ನೀವು ಅಲ್ಲಿ ಹೋಗಿ ಕೂತ್ರೆ ತಿಳಿಯುತ್ತೆ ಅಂತ ನಂಗೊತ್ತಿತ್ತು. ಬಾಯಿಬಿಟ್ಟು ಹೇಳಾಕೆ ಧೈರ್ಯ ಬರಲಿಲ್ಲ, ಅದಕ್ಕೇ ಕಳಿಸಿದೆ."

ಅವರು ಮತ್ತೆ ಮಣೆಯ ಮೇಲೆ ಕೂತು ಹೇಳತೊಡಗಿದರು.

"ಕಾಶಿಗೆ ಹೋಗುವಾಗ ಮಗ ಕರ್ಕಂಡು ಹೋಗಿ ಅಲ್ಲಿ ಕೂರಿಸಿದ. ಅವನು ಫೋನಾಗೆ ವ್ಯಾಪಾರ ಮಾತಾಡ್ತಾ ಆ ಕಡೆ ಹೋದ. ಒಬ್ಬ ಹುಡುಗಿ ಬಂದು, 'ನಿಮಗೇನು ಬೇಕು ಮೇಡಂ?' ಅಂದ್ಲು. ನಂಗೆ ಉತ್ತರ ಹೇಳಾಕೆ ಬರಲಿಲ್ಲ ಗುಡ್ಡಮ್ಮ. ನಿಮ್ಮಾಣೆ. ನಂಗೇನು ಬೇಕು ಅಂತ ನಂಗೇ ಗೊತ್ತಿರಲಿಲ್ಲ. ಆ ಮಾತು ನನ್ನ ಯಾರೂ ಕೇಳಿರಲೇ ಇಲ್ಲ. ಸೊಸೆ ಕಡೆ ನೋಡಿದೆ. ಅವಳ ಕಣ್ಣಾಗೆ ನೀರು. ಅವಳಿಗೂ ಹಂಗೇ ಆಗಿತ್ತು."

"ಆಮೇಲೆ?"

"ಆಮೇಲೇನು, ಚಟ ಹತ್ತಿತು!" ಈ ಸಲ ನಗು ಪೂರ್ತಿ ಬಂತು. "ಕಣ್ಣು ತೋರಿಸಾಕೆ ಹೋಗ್ತೀವಿ ಅಂತ ಇಬ್ರೂ ಹೊರಡೋದು. ಡ್ರೈವರನ್ನ ಆಸ್ಪತ್ರೆ ಮುಂದೆ ನಿಲ್ಲಿಸಿ, ಹಿಂದಿನ ಬಾಗಿಲಿಂದ ಟ್ಯಾಕ್ಸಿ ಹಿಡಿಯೋದು. ನನ್ನ ಅಂಗಡಿ ಬಾಡಿಗೆ ದುಡ್ಡಾಗೆ ಟಿಕೆಟ್ಟು. ಹತ್ತದಿದ್ರೆ ದುಡ್ಡು ವಾಪಸ್ ಬರೋ ಅಂಥದ್ದು, ಸೌಂದರ್ಯನೇ ಹುಡುಕಿದ್ದು. ಅಲ್ಲಿ ಹೋಗಿ ಕೂರೋದು. ಉಣ್ಣೋದು. ಮಾತಾಡೋದು. ಇಲ್ಲಿ ಒಂದೇ ಒಲೆ ಮುಂದೆ ಇಷ್ಟು ವರ್ಷ ಇದ್ದೀವಿ, ಏನು ಮಾತಾಡಿದೀವಿ? ಸಾರಿಗೆ ಉಪ್ಪಾತಾ, ಹಾಲಿಗೆ ಹೆಪ್ಪು ಹಾಕ್ದೆಯಾ. ಅಲ್ಲಿ ಹೋದ ಮೇಲೆ ಗೊತ್ತಾತು, ಅವಳು ಟೀಚರ್ ಪರೀಕ್ಷೆ ಪಾಸು ಮಾಡಿದಾಳೆ, ಕೆಲಸಕ್ಕೆ ಕರೆ ಬಂದಿತ್ತು, ನನ್ನ ಮಗ ಬೇಡ ಅಂದಿದ್ದ ಅಂತ."

"ಹೊಡೀತಿದ್ನಾ?"

"ಛೇ. ಹೊಡೀಲಿಲ್ಲ, ಬೈಯಲಿಲ್ಲ. ಕೇಳಲಿಲ್ಲ, ಅಷ್ಟೆ." ಅವರು ಮತ್ತೊಂದು ಕಾಯಿ ಬಿಡಿಸಿದರು. "ಅವರಪ್ಪನೂ ಹಂಗೇ ಇದ್ರು. ಊರೆಲ್ಲಾ ದೇವರಂಥೋರು ಅಂತಿತ್ತು. ನಾನೂ ಅಂತಿದ್ದೆ."

ಸೌಂದರ್ಯಳ ಹಾಸ್ಟೆಲ್ ಗೆಳತಿ ಚೈತ್ರ ಪುಣೆಯಲ್ಲಿದ್ದಳು. ತಾನು ಕಲಿಸುವ ಶಾಲೆಯಲ್ಲೇ ಕೆಲಸ ಕೊಡಿಸುತ್ತೇನೆ, ಬಾ ಎಂದಿದ್ದಳು. ಮಗ ಹೈದರಾಬಾದಿನ ಮದುವೆಗೆ ಹೆಂಡತಿಗೆ ಟಿಕೆಟ್ ತೆಗೆದ. ಅದೇ ಹೊತ್ತಿಗೆ ಹೊರಡುವ ಪುಣೆಯ ವಿಮಾನಕ್ಕೆ ನೀಲಾಂಬಿಕಮ್ಮ ತಮ್ಮ ಹೆಸರಿನಲ್ಲಿ ಇನ್ನೊಂದು ತೆಗೆಸಿದರು. ಲೌಂಜಿನ ಸ್ನಾನದ ಕೋಣೆಯಲ್ಲಿ ಸೀರೆ ಬದಲಾಯಿತು, ಪಾಸು ಬದಲಾಯಿತು. ಸೊಸೆ ನೀಲಾಂಬಿಕಳಾಗಿ ಪುಣೆಯ ವಿಮಾನದ ಕಡೆ ಹೊರಟಳು. ಅತ್ತೆ ಸೌಂದರ್ಯಳಾಗಿ, ತಲೆ ಸುತ್ತು ಎಂದು ಹೊರಗೆ ಬಂದರು.

"ವಯಸ್ಸು ಯಾರೂ ನೋಡಲಿಲ್ವಾ?"

"ನನ್ನ ಆಧಾರ್ ಕಾರ್ಡು ಕೊಟ್ಟಿದ್ದೆ. ಆ ಫೋಟೋದಾಗೆ ನಾನು ನನ್ನಂಗೇ ಇಲ್ಲ. ಯಾರಂಗೆ ಬೇಕಾದ್ರೂ ಇದೀನಿ."

ಗುಡ್ಡಮ್ಮನಿಗೆ ನಗು ತಡೆಯಲಾಗಲಿಲ್ಲ. ನೀಲಾಂಬಿಕಮ್ಮನೂ ನಕ್ಕರು. ನಗುತ್ತಾ ನಗುತ್ತಾ ಅವರಿಗೆ ಅಳು ಉಕ್ಕಿ ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಮುಟ್ಟಿದ ಕೂಡಲೇ ಫೋನ್ ಮಾಡ್ತೀನಿ ಅಂದಿದ್ಲು. ಮಾಡಲಿಲ್ಲ. ಚೈತ್ರನ ಫೋನು ಸ್ವಿಚ್ ಆಫ್. ಮಾರನೇ ದಿನವೂ ಆಫ್, ಇವತ್ತಿಗೂ ಆಫ್. ಊರು ಅವಳನ್ನ ಓಡಿಹೋದೋಳು ಅಂತೈತೆ. ಪೊಲೀಸರಿಗೆ ಹೇಳಿದ್ರೆ ಮಗನಿಗೆ ಗೊತ್ತಾಗುತ್ತೆ, ಅವನು ಹೋಗಿ ಕರ್ಕಂಡು ಬರ್ತಾನೆ. ಹೇಳದೆ ಇದ್ರೆ... ಅವಳಿಗೇನಾದ್ರೂ ಆಗಿದ್ರೆ? ನಾನೇ ಕಳಿಸಿದ್ದು ಗುಡ್ಡಮ್ಮ. ನನ್ನ ಹೆಸರು ಹಾಕಿ ಕಳಿಸಿದ್ದು. ಅದಕ್ಕೇ ನಿಮ್ಮನ್ನ ಕರೆಸಿದ್ದು. ಸಿಕ್ಕಿದ್ರೆ ಕರ್ಕಂಡು ಬರಬ್ಯಾಡ್ರಿ. ಬದುಕಿದಾಳೆ ಅಂತ ಒಂದು ಮಾತು ನಂಗೆ ಹೇಳ್ರಿ, ಸಾಕು."

ಗುಡ್ಡಮ್ಮ ಅವರ ಕೈ ಹಿಡಿದಳು. ಒಣಗಿದ, ಗಟ್ಟಿ ಕೈ. ಬೆರಳ ತುದಿಯಲ್ಲಿ ಅವರೆಯ ಸೊನೆ.

"ಪುಣೆಗೆ ನಾನು ಹೋಗ್ತೀನಿ. ಚೈತ್ರನ ಮನೆ ಎಲ್ಲಿ ಅಂತ..."

"ಪುಣೆಗೆ ಹೋಗಬೇಡಿ ಗುಡ್ಡಮ್ಮನೋರೆ. ಅಲ್ಲಿ ಸಿಗಲ್ಲ."

ಮುಂದಕ್ಕೆ ಮಾಡಿದ್ದ ಬಾಗಿಲು ತೆರೆದ ಸದ್ದೂ ಆಗಿರಲಿಲ್ಲ. ಹೊಸ್ತಿಲಾಚೆ ಸಿದ್ಧಲಿಂಗೇಶ ನಿಂತಿದ್ದ. ಮೊಣಕಾಲ ತನಕ ಶುಂಠಿಯ ಕೆಸರು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಗುಡ್ಡಮ್ಮನಿಗೆ ಸುಲಭವಾಗುತ್ತಿತ್ತು.

ನೀಲಾಂಬಿಕಮ್ಮ ಎದ್ದು ನಿಂತರು. ಕಾಳಿನ ಪಾತ್ರೆ ಉರುಳಿತು.

"ಯಾವಾಗಿಂದ ಕೇಳ್ತಿದೀಯ?"

"ಹೊಸದಾಗಿ ಕೇಳೋದು ಏನಿತ್ತವ್ವ?" ಅವನು ಒಳಗೆ ಬರಲಿಲ್ಲ. "ನಿಂಗೆ ಟಿಕೆಟ್ ಮಾಡಿಕೊಡೋ ಏಜೆಂಟು ಹಂಸಯಾನದಲ್ಲಿ ನಮ್ಮ ಮನೆಗಿರೋ ಮೆಂಬರ್ ನಂಬರೇ ಹಾಕ್ತಾನೆ. ಟಿಕೆಟ್ ಆದ ಕೂಡಲೇ ಮೆಸೇಜು ನನ್ನ ಫೋನಿಗೆ ಬರುತ್ತೆ. ಕ್ಯಾನ್ಸಲ್ ಮಾಡಿದ್ರೂ ಬರುತ್ತೆ. ಕಣ್ಣಾಸ್ಪತ್ರೆ ಅಂತ ಹೋದಾಗೆಲ್ಲಾ ಬಂದಿದೆ."

"ಗೊತ್ತಿದ್ದೂ ಸುಮ್ನಿದ್ಯಾ?"

"ಇಬ್ರೂ ಬಂದ ಮೇಲೆ ನಗ್ತಾ ಇರ್ತಿದ್ರಿ. ಎರಡು ದಿನ ಮನೇಲಿ ನಗು ಇರ್ತಿತ್ತು. ಕೇಳಿದ್ರೆ ನಿಂತು ಹೋಗುತ್ತೆ ಅಂತ ಸುಮ್ನಿದ್ದೆ."

ಇದು ನಿಜವೋ? ಗುಡ್ಡಮ್ಮ ಅವನ ಕಣ್ಣುಗಳನ್ನೇ ನೋಡಿದಳು. ಇಷ್ಟು ಚೆನ್ನಾಗಿ ಸುಳ್ಳು ಹೇಳಬಲ್ಲ ಗಂಡಸರನ್ನು ಅವಳು ಕಂಡಿದ್ದಳು, ನಿಜ ಹೇಳಲು ಬಾರದವರನ್ನೂ ಕಂಡಿದ್ದಳು. ಇವನು ಯಾರೆಂದು ತಿಳಿಯಲಿಲ್ಲ.

"ಪುಣೆ ಟಿಕೆಟ್ಟಿನ ಮೆಸೇಜೂ ಬಂತಾ?" ಎಂದು ಕೇಳಿದಳು.

"ಬಂತು. ಅದು ಕ್ಯಾನ್ಸಲ್ ಆಗೋ ಅಂಥದ್ದಲ್ಲ. ಆಗಲೇ ತಿಳೀತು. ಹಾವೇರಿ ಮಂಡಿಗೆ ಅಂತ ಹೇಳಿ ಹೊರಟೋನು ಕಾರು ಪುಣೆ ಕಡೆ ತಿರುಗಿಸಿದೆ. ಆ ವಿಮಾನ ಇಳಿಯೋ ಮೊದಲೇ ಹೋಗಿ ಬಾಗಿಲಲ್ಲಿ ನಿಂತೆ."

"ಅವಳನ್ನ ಎಳ್ಕಂಡು ಬರಾಕೆ!" ಎಂದರು ನೀಲಾಂಬಿಕಮ್ಮ.

"ಏನು ಮಾಡಾಕೆ ಹೋದೆ ಅಂತ ನಂಗೂ ಗೊತ್ತಿರಲಿಲ್ಲವ್ವ. ಅವಳ ಮುಖ ನೋಡಿದ ಮೇಲೆ ಗೊತ್ತಾಗುತ್ತೆ ಅಂದ್ಕಂಡಿದ್ದೆ." ಅವನು ಕೆಸರಿನ ಕಾಲನ್ನು ನೋಡಿಕೊಂಡ. "ಕೊನೇ ಪ್ಯಾಸೆಂಜರ್ ಬರೋ ತನಕ ನಿಂತೆ. ಅವಳು ಬರಲಿಲ್ಲ. ಅವಳ ಬ್ಯಾಗು ಬಂತು. ಮದುವೆಗೆ ಅಂತ ನಾನೇ ತಂದುಕೊಟ್ಟ ಕೆಂಪು ಬ್ಯಾಗು, ನನ್ನ ಅಂಗಡಿ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ಅದನ್ನ ಹಿಡ್ಕೊಂಡು ಬಂದಿದ್ದು ಬೇರೆ ಹೆಂಗಸು. ನಿನ್ನ ವಾರಿಗೆಯವಳು. ನೀನು ಅವತ್ತು ಉಟ್ಕೊಂಡು ಹೋಗಿದ್ದ ಸೀರೆ ಅವಳ ಮೈಮೇಲಿತ್ತು."

ನೀಲಾಂಬಿಕಮ್ಮ ಗೋಡೆಗೆ ಕೈ ಊರಿದರು. ಆ ಸೀರೆಯನ್ನು ಅವರು ತಮ್ಮ ಕೈಯಾರೆ ಸೌಂದರ್ಯಳಿಗೆ ಉಡಿಸಿದ್ದರು. ಹಾಗಾದರೆ ಪುಣೆಯ ವಿಮಾನ ಹತ್ತುವ ಮೊದಲು ಆ ಸೀರೆ, ಆ ಪಾಸು ಇನ್ನೊಂದು ಸಲ ಕೈ ಬದಲಾಗಿದ್ದವು.

"ಪೊಲೀಸರಿಗೆ ಯಾಕೆ ಹೇಳಲಿಲ್ಲ?" ಎಂದಳು ಗುಡ್ಡಮ್ಮ.

"ಹೇಳಿದ್ರೆ ಮೊದಲು ಅವ್ವನ್ನ ಸ್ಟೇಷನ್ನಿಗೆ ಕರೀತಿದ್ರು. ಟಿಕೆಟ್ ಅವ್ವನ ಹೆಸರಲ್ಲಿತ್ತಲ್ಲ."

"ಆ ಹೆಂಗಸನ್ನ ಮಾತಾಡಿಸಿದ್ರಾ?"

"ಅಡ್ಡ ನಿಂತೆ. ನೀವ್ಯಾರು ಅಂದೆ. ನೀಲಾಂಬಿಕ ಅಂದ್ಲು. ನಮ್ಮ ಕಡೆ ಮಾತು, ನಮ್ಮದೇ ಧಾಟಿ. ಯಾವೂರು ಅಂದೆ. ಸೊರಬ ಅಂದ್ಲು."

"ಅಷ್ಟು ಹೇಳಿದವಳನ್ನ ಸುಮ್ನೆ ಬಿಟ್ಟು ಬಂದ್ರಾ?"

"ಅವಳ ಹಿಂದೇನೇ ಹೋದೆ ರೀ. ಟ್ಯಾಕ್ಸಿ ಹತ್ತೋ ಮೊದಲು ಅವಳೇ ತಿರುಗಿ ನೋಡಿ ಇನ್ನೊಂದು ಮಾತು ಹೇಳಿದ್ಲು." ಸಿದ್ಧಲಿಂಗೇಶ ಮೊದಲ ಸಲ ಅವ್ವನ ಮುಖ ನೋಡಿದ. "'ನನ್ನ ಮಗ ಬಂದು ಕೇಳಿದ್ರೆ ನಾನು ಆಗಲೇ ಹೋದೆ ಅಂತ ಹೇಳಪ್ಪ' ಅಂದ್ಲು. ಮಗನ ಹೆಸರೇನು ಅಂದೆ. ಸಿದ್ಧಲಿಂಗೇಶ ಅಂದ್ಲವ್ವ. ನನ್ನ ಮುಖ ನೋಡ್ಕೊಂಡೇ, ನನ್ನ ಹೆಸರು ಹೇಳಿದ್ಲು. ಸೌಂದರ್ಯ ಹೇಳಿಕೊಡದೆ ಅದು ಅವಳಿಗೆ ಹೆಂಗೆ ಗೊತ್ತಾಗಬೇಕು?"